ಬಾಯಿ ಆಡಿಸಿದರೆ ಸಾಕು

ಆಗಸ್ಟ್ 11, ಸೋಮವಾರ

ಕೊನೆಗೂ ನನ್ನದೇ ಅಂತ ಒಂದು ಬಾಗಿಲು! ಪುಟ್ಟ ವಯಸ್ಸಿನಿಂದ ಹಾಸ್ಟೆಲಿನ ಸಾಲುಮಂಚಗಳಲ್ಲಿ ಮಲಗಿದವಳಿಗೆ ಅಕ್ಕನ ಮನೆಯ ಈ ಹಿಂದಿನ ರೂಮು ಅರಮನೆಯೇ. ಕಾಲೇಜು ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲವೆಂದು ಅಮ್ಮ ಫೋನಿನಲ್ಲಿ ಅತ್ತಳು. ನಾನು ಒಳಗೊಳಗೇ ಕುಣಿದೆ.

ಫಿಸಿಯೋಥೆರಪಿ ಮೊದಲ ವರ್ಷ. ಕ್ಲಾಸಿನಲ್ಲಿ ಎಲ್ಲರದೂ ಫಟಾಫಟ್ ಇಂಗ್ಲಿಷ್. ನನ್ನದು ಅರ್ಧ ಇಂಗ್ಲಿಷ್, ಅರ್ಧ ಬೆವರು. ಹಾಜರಿ ಕೂಗಿದಾಗ ‘ಪ್ರೆಸೆಂಟ್ ಮೇಡಂ’ ಅನ್ನುವುದಕ್ಕೂ ಮನಸ್ಸಿನಲ್ಲೇ ಎರಡು ಸಲ ಅಭ್ಯಾಸ ಮಾಡುತ್ತೇನೆ. ಅದಕ್ಕೇ ಈ ಡೈರಿ ಕನ್ನಡದಲ್ಲಿ. ಇಲ್ಲಾದರೂ ತಪ್ಪು ಹಿಡಿಯುವವರಿಲ್ಲ.

ಭಾವ ಸೂಪರ್. ಶಾಲೆಯಲ್ಲಿ ಮ್ಯೂಸಿಕ್ ಟೀಚರ್, ಚರ್ಚಿನ ಹಾಡುತಂಡಕ್ಕೆ ಕ್ವಾಯರ್ ಮಾಸ್ಟರ್. ಮುಂದಿನ ರೂಮಿನಲ್ಲಿ ಪಿಯಾನೋ, ಅದರ ಮೇಲೆ ತಾಳ ಎಣಿಸುವ ಪುಟ್ಟ ಮರದ ಪೆಟ್ಟಿಗೆ. ಕಡ್ಡಿ ಆ ಕಡೆ ಈ ಕಡೆ ವಾಲುತ್ತ ಟಿಕ್ ಟಿಕ್ ಅನ್ನುತ್ತದೆ. ನನ್ನ ದನಿ ಕೇಳಿ, “ಕೆಳದನಿ ಚೆನ್ನಾಗಿದೆ ಕಣಮ್ಮ, ಶನಿವಾರ ಕ್ವಾಯರಿಗೆ ಬಾ. ನನ್ನ ಆಲ್ಟೋ ಸಾಲು ಸೊರಗಿ ಸುಣ್ಣ ಆಗಿದೆ” ಅಂದರು. ಯಾರಾದರೂ ನನ್ನನ್ನು ಬೇಕು ಅಂದದ್ದು ಇದೇ ಮೊದಲು.

ಅಕ್ಕ ಮಾತ್ರ ಬೋರಾಗಿಬಿಟ್ಟಿದ್ದಾಳೆ. ಹಾಸ್ಟೆಲಿನಲ್ಲಿ ಇವಳೇ ನನಗೆ ತಾಯಿ, ಇವಳೇ ವಾರ್ಡನ್. “ಏ ಕೋಣ, ಬಾಗಿಲು ಮುರೀತೀಯಾ?” ಎಂದು ಕೂಗಿದರೆ ಪಕ್ಕದ ಬ್ಲಾಕಿನವರು ತಮ್ಮ ಬಾಗಿಲನ್ನು ಮೆತ್ತಗೆ ಹಾಕಿಕೊಳ್ಳುತ್ತಿದ್ದರು. ಬಾತ್‌ರೂಮಿನಲ್ಲಿ ಕೀರ್ತನೆ ಹಾಡಿದರೆ ಹುಡುಗಿಯರೆಲ್ಲ ಕಿವಿ ಮುಚ್ಚಬೇಕು, ಅಷ್ಟು ಜೋರು, ಅಷ್ಟು ಅಪಶ್ರುತಿ. ಇವತ್ತು ನಾನು ಬ್ಯಾಗನ್ನು ದೊಪ್ಪೆಂದು ಹಾಕಿದ್ದಕ್ಕೆ, “ಮೆತ್ತಗೆ ಪುಟ್ಟೀ, ಮೆತ್ತಗೆ” ಎಂದಳು. ಮದುವೆಯಾದರೆ ಎಲ್ಲರೂ ಹೀಗೇ ಆಗಿಬಿಡುತ್ತಾರಾ?

ಆಗಸ್ಟ್ 17, ಭಾನುವಾರ

ನಿನ್ನೆ ಮೊದಲ ಪ್ರಾಕ್ಟೀಸ್. ಭಾವನದು ಒಂದೇ ಕಾನೂನು: ಕೊನೆಯ ಆಮೆನ್ ಸರಿ ಬರುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಆಮೆನ್ ಅಂದರೆ ಬರೀ ಒಂದು ಪದವಲ್ಲ. ನಾಲ್ಕು ಸಾಲಿನ ದನಿ ನಾಲ್ಕು ಕಡೆಯಿಂದ ನಡೆದು ಬಂದು ಒಂದೇ ಬಾಗಿಲಲ್ಲಿ ಸೇರಬೇಕು. ನನ್ನ ಪಕ್ಕ ನಿಲ್ಲುವವರು ಡ್ರೈವಿಂಗ್ ಆಂಟಿ. ಹೆಂಗಸರಿಗೆ ಕಾರು ಕಲಿಸುತ್ತಾರೆ. ನಾನು ತಪ್ಪಿದಾಗಲೆಲ್ಲ ಕಾಲಿನಿಂದ ನನ್ನ ಪಾದ ಒತ್ತುತ್ತಾರೆ. “ಅಭ್ಯಾಸ ಕಣೇ, ಬ್ರೇಕ್ ನನ್ನ ಕಡೆ ಇರತ್ತಲ್ಲ” ಅಂದರು.

ಇವತ್ತು ಆರಾಧನೆಯಲ್ಲಿ ಕ್ವಾಯರ್ ಸಾಲಿನಿಂದ ಅಕ್ಕನನ್ನು ನೋಡುತ್ತಿದ್ದೆ. ಪಾಸ್ಟರಮ್ಮನ ಪಕ್ಕ ನಿಂತು ಹಾಡುತ್ತಿದ್ದಳು. ಪರವಾಗಿಲ್ಲ, ಸುಧಾರಿಸಿದ್ದಾಳೆ, ಒಂದೂ ಅಪಸ್ವರ ಕೇಳಲಿಲ್ಲ ಎಂದು ಊಟದ ಹೊತ್ತಿಗೆ ಹೇಳಿದೆ.

ಭಾವ ನಕ್ಕರು. “ದೇವರು ನಿಮ್ಮಕ್ಕನಿಗೆ ಎಲ್ಲಾ ಕೊಟ್ಟ, ಶ್ರುತಿ ಕೊಡೋದು ಮರ್ತ. ಕ್ವಾಯರ್ ಮಾಸ್ಟರ್ ಹೆಂಡ್ತಿ ಹಂಗೆ ಅರಚಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಬಾಯಿ ಆಡಿಸಿದ್ರೆ ಸಾಕು, ಸೌಂಡ್ ಬೇಡ ಅಂತ ಹೇಳಿಟ್ಟಿದ್ದೀನಿ.”

ನಾನು ನಕ್ಕೂ ನಕ್ಕೂ ನೀರು ಕುಡಿದೆ. ಅಕ್ಕನೂ ನಕ್ಕಳು. ಬಾಯಿ ಆಡಿಸಿದಳು ಅನ್ನಬಹುದು.

ಆಗಸ್ಟ್ 27, ಬುಧವಾರ

ಮುಂಗೈ ಮೂಳೆಗಳನ್ನು ಬೆರಳಿನಿಂದ ಮುಟ್ಟಿ ಗುರುತಿಸುವ ಹೋಮ್‌ವರ್ಕ್. ಅಕ್ಕನ ಕೈ ಹಿಡಿದೆ. ರೇಡಿಯಸ್ ಸಿಕ್ಕಿತು. ಅಲ್ನಾದ ಮೇಲೆ ಬೆರಳಿಟ್ಟ ತಕ್ಷಣ ಕೈಯನ್ನು ಬಿಸಿ ಪಾತ್ರೆಯಿಂದ ಎಳೆದುಕೊಂಡಂತೆ ಎಳೆದುಕೊಂಡಳು. ಮೂಳೆಯ ಮೇಲೆ ಒಂದು ಗಂಟು ಇದೆ, ಪುಸ್ತಕದ ಚಿತ್ರದಲ್ಲಿ ಇಲ್ಲ. “ಬಾತ್‌ರೂಮಲ್ಲಿ ಜಾರಿದ್ದೆ, ಆಗ್ಲೇ ಹಳೇದು” ಎಂದಳು. ಸಾರ್ ಹೇಳಿದ್ದರು, ಕೂಡಿಕೊಂಡ ಮೂಳೆ ಹಾಗೇ ಗಂಟು ಕಟ್ಟುತ್ತದೆ ಎಂದು. ನನಗೆ ಖುಷಿಯಾಯಿತು, ಲೈವ್ ಕೇಸ್ ಸಿಕ್ಕಿತಲ್ಲ. ಅಕ್ಕನ ನೋವಿಗೆ ಖುಷಿಪಡುವ ಪೆದ್ದಿ ನಾನು!

ಸಂಜೆ ಮುಂದಿನ ರೂಮಿನ ಬಾಗಿಲು ಹಾಕಿತ್ತು. ಟಿಕ್ ಟಿಕ್ ಕೇಳುತ್ತಿತ್ತು. ಪಿಯಾನೋ ಕೇಳಲಿಲ್ಲ. ಭಾವ ಬರೀ ತಾಳ ಎಣಿಸುತ್ತಿದ್ದಾರೇನೋ, ಮ್ಯೂಸಿಕ್‌ನವರದು ಏನೇನೋ ಇರುತ್ತದೆ. ಅಕ್ಕ ಆಮೇಲೆ ಹೊರಗೆ ಬಂದು ಪಾತ್ರೆ ತೊಳೆದಳು, ಒಂದೇ ಕೈಯಲ್ಲಿ.

ಸೆಪ್ಟೆಂಬರ್ 5, ಶುಕ್ರವಾರ

ನನ್ನ ಕೈಯಿಂದ ಪಿಂಗಾಣಿ ತಟ್ಟೆ ಬಿತ್ತು. ಚೂರುಚೂರು. ಭಾವ ಒಂದು ಮಾತು ಬೈಯಲಿಲ್ಲ. “ಹೋಗ್ಲಿ ಬಿಡಮ್ಮ, ಓದ್ಕೋ ಹೋಗು” ಎಂದರು. ಎಷ್ಟು ಒಳ್ಳೆಯವರು ಅಂದುಕೊಳ್ಳುತ್ತಲೇ ರೂಮಿಗೆ ಬಂದೆ.

ಆಮೇಲೆ ಮುಂದಿನ ರೂಮಿನ ಬಾಗಿಲು ಹಾಕಿದ ಸದ್ದು. ಆಮೇಲೆ ಟಿಕ್. ಟಿಕ್. ಟಿಕ್.

ಇವತ್ತು ನಾನು ಬಾಗಿಲ ಹತ್ತಿರ ಹೋದೆ. ಟಿಕ್‌ಗಳ ನಡುವೆ ಬೇರೆ ಸದ್ದು ಇತ್ತು. ಅಕ್ಕನ ದನಿ ಇರಲಿಲ್ಲ. ಅವಳು ಅಲ್ಲೂ ಸೌಂಡ್ ಮಾಡುವುದಿಲ್ಲ.

ತಟ್ಟೆ ಒಡೆದದ್ದು ನಾನು.

ಸೆಪ್ಟೆಂಬರ್ 6, ಶನಿವಾರ

ಪ್ರಾಕ್ಟೀಸಿಗೆ ಹೋದೆ. ಅವರ ಕೈ ನೋಡುತ್ತಾ ಹಾಡಿದೆ. ಆಮೆನ್ ಒಂದೇ ಸಲಕ್ಕೆ ಬಂತು.

ಸೆಪ್ಟೆಂಬರ್ 12, ಶುಕ್ರವಾರ

ಇದನ್ನು ಕಾಲೇಜು ಲೈಬ್ರರಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮನೆಯಲ್ಲಿ ಪೆನ್ನಿನ ಸದ್ದು ಜಾಸ್ತಿ ಅನ್ನಿಸುತ್ತದೆ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು ದೂರದ ಊರಿನಲ್ಲಿ ಬೇರೆಯವರ ಮಗುವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಹಿಂದಿನಿಂದ ಆ ಮಗು ಅಳುತ್ತಿತ್ತು. “ಗಂಡ ಹೆಂಡ್ತಿ ಮಧ್ಯೆ ನೀನು ಮೂಗು ತೂರಿಸ್ಬೇಡ ಮಗಳೇ. ಚರ್ಚಲ್ಲಿ ಎಲ್ಲರ ಮುಂದೆ ಮಾತು ಕೊಟ್ಟ ಮದುವೆ ಅದು. ಸರಿಹೋಗತ್ತೆ. ನೀನು ಓದು” ಎಂದಳು. ಫೋನ್ ಇಡುವ ಮೊದಲು ಮಾತ್ರ, “ಜಾಸ್ತಿ ಹೊಡೀತಾನಾ?” ಎಂದು ಕೇಳಿದಳು. ಜಾಸ್ತಿ ಅಂದರೆ ಎಷ್ಟು ಎಂದು ನನಗೆ ಗೊತ್ತಾಗಲಿಲ್ಲ.

ಅಕ್ಕನನ್ನು ಬಟ್ಟೆ ಒಣಹಾಕುವ ಜಾಗದಲ್ಲಿ ಹಿಡಿದೆ. “ಹೋಗೋಣ ಬಾ ಅಕ್ಕಾ.”

“ಎಲ್ಲಿಗೆ ಹೋಗ್ತೀಯಾ? ಊರಿಗೆಲ್ಲಾ ಅವ್ರು ದೇವರಂಥ ಮನುಷ್ಯ. ಬಾಯಿ ಬಿಟ್ರೆ ನಂಗೇ ತಲೆ ಕೆಟ್ಟಿದೆ ಅಂತಾರೆ. ಕೆಲಸ ಬಿಡಿಸಿ ಎಷ್ಟು ಕಾಲ ಆಯ್ತು... ಮತ್ತೆ ನಿನ್ನ ಓದು?”

“ನನ್ನ ಓದು ಹಾಳಾಗಿ ಹೋಗ್ಲಿ!”

“ಮೆತ್ತಗೆ.”

ಕ್ಲಾಸಿನ ಗೆಳತಿ ನಗುತ್ತಾಳೆ, ನಾನು ಬೆಂಚಿಗೂ ಸಾರಿ ಹೇಳುತ್ತೇನಂತೆ. ಪಾತ್ರೆಯ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಇಟ್ಟರೆ ಸದ್ದು ಬರುವುದಿಲ್ಲ. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಡುವುದು ಒಳ್ಳೆಯದು. ಇವೆಲ್ಲ ಒಳ್ಳೆಯ ಅಭ್ಯಾಸಗಳೇ ತಾನೆ.

ಸೆಪ್ಟೆಂಬರ್ 16, ಮಂಗಳವಾರ

ಪಾಸ್ಟರ್ ಹತ್ತಿರ ಹೋದೆ. ಅಕ್ಕನಿಗೆ ಹೇಳಲಿಲ್ಲ. ಒಳ್ಳೆಯ ಮನುಷ್ಯ, ದೊಡ್ಡ ದೇಹ, ಪುಟ್ಟ ಮಕ್ಕಳ ಹಾಗೆ ಕೈಬೆರಳು ಹೆಣೆದುಕೊಂಡು ಕೂರುತ್ತಾರೆ. ಎಲ್ಲ ಹೇಳಿದೆ. ಅರ್ಧ ಮಾತಿನಲ್ಲಿ, ಅರ್ಧ ಅಳುವಿನಲ್ಲಿ. ಮಧ್ಯೆ ಮಾತಾಡದೆ ಕೇಳಿದರು.

“ನೀನು ಬಂದಿದ್ದು ಒಳ್ಳೇದಾಯ್ತಮ್ಮ. ಇಂಥದ್ದನ್ನ ಬೆಳೆಯೋಕೆ ಬಿಡಬಾರದು. ನಾನೇ ಮನೆಗೆ ಬಂದು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡ್ತೀನಿ.”

ಬರುವಾಗ ಬಸ್ಸಿನಲ್ಲಿ ನಿದ್ದೆ ಬಂದುಬಿಟ್ಟಿತು.

ಸೆಪ್ಟೆಂಬರ್ 18, ಗುರುವಾರ

ಬಂದರು.

ಅಕ್ಕ, ಭಾವ ಸೋಫಾದಲ್ಲಿ. ಪಾಸ್ಟರ್ ಎದುರಿನ ಕುರ್ಚಿಯಲ್ಲಿ. ನಾನು ಚಹಾ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ. ಪಿಯಾನೋ ಮೇಲಿನ ಪೆಟ್ಟಿಗೆ ಸುಮ್ಮನೆ ಕೂತಿತ್ತು.

“ತಂಗೀ, ಮನೇಲಿ ಏನೋ ಕಷ್ಟ ಅಂತ ಕೇಳ್ಪಟ್ಟೆ. ನಿನ್ನ ಯಜಮಾನರ ಮುಂದೆನೇ ಹೇಳಿಬಿಡು, ಸಂಕೋಚ ಬೇಡ. ಏನಾದ್ರೂ ಇದೆಯಾ?”

ಭಾವ ಅಕ್ಕನ ಕೈ ಹಿಡಿದುಕೊಂಡಿದ್ದರು. ಅದೇ ಕೈ. ಹೆಬ್ಬೆರಳು ಸರಿಯಾಗಿ ಅಲ್ನಾದ ಆ ಗಂಟಿನ ಮೇಲಿತ್ತು. ಪಾಸ್ಟರಿಗೆ ಕಂಡದ್ದು ಹೆಂಡತಿಯ ಕೈ ಹಿಡಿದ ಗಂಡ.

“ಏನೂ ಇಲ್ಲ ಪಾಸ್ಟರ್” ಎಂದಳು ಅಕ್ಕ.

ಭಾವ ಅತ್ತುಬಿಟ್ಟರು! ನಿಜವಾದ ಕಣ್ಣೀರು. “ನಂಗೆ ಸ್ವಲ್ಪ ಕೋಪ ಜಾಸ್ತಿ ಪಾಸ್ಟರ್, ನನಗೋಸ್ಕರ ಪ್ರಾರ್ಥನೆ ಮಾಡಿ.” ಪಾಸ್ಟರ್ ಇಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಕ್ಷಮೆಯ ಬಗ್ಗೆ ಅಕ್ಕನಿಗೆ ನಾಲ್ಕು ಮಾತು ಹೇಳಿದರು. ಹೊರಡುವಾಗ ನನ್ನ ಬೆನ್ನು ತಟ್ಟಿ, “ನೋಡಿದ್ಯಾ?” ಎಂದರು, ಎಷ್ಟು ಸಂತೋಷದಿಂದ ಅಂದರೆ ಅವರ ಮುಖ ನೋಡಲಾಗಲಿಲ್ಲ.

ಗೇಟಿನ ಚಿಲಕ ಬಿದ್ದ ಮೇಲೆ ಭಾವ ಕಣ್ಣು ಒರೆಸಿಕೊಂಡು ಕೇಳಿದರು. “ಯಾರು ಹೋಗಿದ್ದು ಅವರ ಹತ್ರ?”

“ನಾನು” ಎಂದಳು ಅಕ್ಕ.

ಸೆಪ್ಟೆಂಬರ್ 19, ಶುಕ್ರವಾರ

ನಿನ್ನೆ ಅಕ್ಕ ಹಾಗೆಂದಾಗ ನಾನೂ ಅಲ್ಲೇ ನಿಂತಿದ್ದೆ. ನಾನು, ನಾನು ಹೋದದ್ದು ಎಂದು ಬಾಯಿ ಆಡಿಸಿದೆ. ಸೌಂಡ್ ಬರಲಿಲ್ಲ.

ಬಹಳ ಹೊತ್ತು ಟಿಕ್ ಟಿಕ್.

ದೇವರೇ. ಇನ್ನೇನು ಬರೆಯಲಿ.

ಸೆಪ್ಟೆಂಬರ್ 28, ಭಾನುವಾರ

ಅಕ್ಕ ಚರ್ಚಿಗೆ ಬರಲಿಲ್ಲ. ಜ್ವರ ಎಂದು ಭಾವ ಎಲ್ಲರಿಗೂ ಹೇಳಿದರು. ದೇವರ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು, ನಮ್ಮ ಪಾಸ್ಟರ್ ನಮ್ಮ ಸಂಸಾರವನ್ನು ಹೊಸದು ಮಾಡಿದರು ಎಂದು ಕೃತಜ್ಞತೆ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸದ್ದು ಬಾರದ ಹಾಗೆ.

ಆರಾಧನೆ ಮುಗಿದ ಮೇಲೆ ಲೋಟ ತೊಳೆಯುವ ಕಡೆ ಪಾಸ್ಟರಮ್ಮ ಬಂದು ಪಕ್ಕದಲ್ಲಿ ನಿಂತರು. ತೆಳ್ಳಗಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ. ಒಂದು ಲೋಟವನ್ನೇ ತೊಳೆಯುತ್ತ ನಿಂತರು.

“ನಿನ್ನಕ್ಕನ ಪಕ್ಕದಲ್ಲೇ ನಿಲ್ತೀನಿ, ಪ್ರತಿ ವಾರ. ಇವತ್ತು ಅವಳಿಲ್ಲ. ಹಾಡು ಒಂಚೂರೂ ಬೇರೆ ಥರ ಕೇಳಿಸ್ಲಿಲ್ಲ ಕಣೇ. ಆಗ ಹೊಳೀತು. ಇಷ್ಟು ವರ್ಷ ಆಯ್ತು, ಅವಳ ದನಿ ಹೆಂಗಿದೆ ಅಂತ ನಂಗೆ ಗೊತ್ತೇ ಇಲ್ಲ.”

ನಾನು ಇನ್ನೊಂದು ಲೋಟ ಎತ್ತಿಕೊಂಡೆ.

“ಅವನಿಗೆ ಹೆದರ್ತಾಳಾ?”

ಹೌದೆಂದು ತಲೆಯಾಡಿಸಿದೆ. ಅವರು ನಲ್ಲಿ ನಿಲ್ಲಿಸಿದರು. “ನಮ್ಮನೆಯವರು ದೊಡ್ಡ ತಪ್ಪು ಮಾಡಿದ್ರಲ್ಲಮ್ಮ” ಎಂದರು.

ಅಕ್ಟೋಬರ್ 3, ಶುಕ್ರವಾರ

ಕಾಲೇಜಿನ ಕ್ಯಾಂಟೀನಿಗೆ ಪಾಸ್ಟರಮ್ಮ ಬಂದರು, ಜೊತೆಗೆ ಡ್ರೈವಿಂಗ್ ಆಂಟಿ. ಭಾವನಿಗೆ ಗೊತ್ತಾದರೆ? ಯಾರಿಗೂ ಹೇಳುವುದಿಲ್ಲ ಎಂದು ಅವರೇ ಮೊದಲು ಹೇಳಿದರು. ಪ್ರಾರ್ಥನಾ ಕೂಟದಲ್ಲೂ ಇಲ್ಲ, ಹೆಸರು ಹೇಳದೆಯೂ ಇಲ್ಲ.

ಡ್ರೈವಿಂಗ್ ಆಂಟಿ ಮಾತ್ರ ಕುದಿಯುತ್ತಿದ್ದರು. “ನಾಳೇನೇ ಹೋಗಿ ಕೂದಲು ಹಿಡಿದು ಎಳ್ಕೊಂಡು ಬರ್ತೀನಿ.”

“ಯಾರ ಕೂದಲು?” ಎಂದರು ಪಾಸ್ಟರಮ್ಮ.

“ಅವನದು! ಅವಳದ್ಯಾಕೆ?”

“ಅವನಿಗೆ ಕೂದಲೆಲ್ಲಿದೆ?”

ನಾನು ನಕ್ಕೆ. ನಕ್ಕ ತಕ್ಷಣ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದೆ. ಇಬ್ಬರೂ ಅದನ್ನು ನೋಡಿದರು. ಆಂಟಿ ಮೇಜಿನ ಕೆಳಗೆ ನನ್ನ ಪಾದವನ್ನು ಮೆತ್ತಗೆ ಒತ್ತಿದರು.

“ನಾವು ಎಳ್ಕೊಂಡು ಬರೋದು ಬೇಡ” ಎಂದರು ಪಾಸ್ಟರಮ್ಮ. “ಎಲ್ಲಾ ಅವನು ಹೇಳಿದ ಹಾಗೇ ನಡೆದಿದೆ ಅಲ್ಲಿ. ಇನ್ನು ನಾವೂ ಹೇಳಿದ ಹಾಗೆ ನಡೀಬೇಕಾ ಅವಳು? ಅವಳಿಗೇನು ಬೇಕೋ ಅದನ್ನ ಅವಳು ಒಂಟಿಯಾಗಿರುವಾಗ ಕೇಳ್ಬೇಕು.”

ಆದರೆ ಅವಳು ಒಂಟಿಯಾಗುವುದು ಎಲ್ಲಿ? ಅವಳ ಫೋನು ಭಾವನ ಜೇಬಿನಲ್ಲಿರುತ್ತದೆ, ಶಾಲೆಯ ಬಿಡುವಿನಲ್ಲಿ ಯಾವಾಗ ಬೇಕಾದರೂ ಮನೆಗೆ ಬಂದುಬಿಡುತ್ತಾರೆ. ಕೊನೆಗೆ ಪಾಸ್ಟರಮ್ಮನಿಗೇ ಉಪಾಯ ಹೊಳೆಯಿತು. ಶುಕ್ರವಾರ ಬೆಳಿಗ್ಗೆ ಹೆಂಗಸರು ಸರದಿಯಲ್ಲಿ ಚರ್ಚಿನ ಹೂದಾನಿ ಜೋಡಿಸುತ್ತಾರೆ. ಮುಂದಿನ ವಾರ ಅಕ್ಕನ ಸರದಿ. ಚರ್ಚಿನ ಕೆಲಸಕ್ಕೆ ಬೇಡ ಅಂದರೆ ಭಾವನ ಮರ್ಯಾದೆಗೆ ಕಡಿಮೆ.

ಅಕ್ಟೋಬರ್ 10, ಶುಕ್ರವಾರ

ಕ್ಲಾಸಿಗೆ ಚಕ್ಕರ್. ಭಾವ ಅಕ್ಕನನ್ನು ಸ್ಕೂಟರಿನಿಂದ ಚರ್ಚಿನ ಬಾಗಿಲಲ್ಲಿ ಇಳಿಸಿ ಶಾಲೆಗೆ ಹೋದರು. ನಾನು ಮೊದಲೇ ಒಳಗಿದ್ದೆ, ಪಾಸ್ಟರ್ ನಿಲುವಂಗಿ ಹಾಕಿಕೊಳ್ಳುವ ಪಕ್ಕದ ಕೋಣೆಯಲ್ಲಿ. ಬಾಲ್ದಿ ತುಂಬ ಬಿಳಿ ಹೂ.

ಪಾಸ್ಟರಮ್ಮ ಒಂದು ಹೂವಿನ ಕಾಂಡ ಕತ್ತರಿಸಿ ಅಕ್ಕನ ಕೈಗೆ ಕೊಟ್ಟು, “ನಿನ್ನ ಮಾತನ್ನ ನಾನು ನಂಬ್ತೀನಿ. ಹೇಳೋಕೆ ಇಷ್ಟ ಇಲ್ಲದಿದ್ರೆ ಹೂ ಜೋಡಿಸೋಣ, ಅಷ್ಟೇ” ಎಂದರು.

ಅಕ್ಕ ಹೂ ಜೋಡಿಸಿದಳು. ಒಂದು ಹೂದಾನಿ ತುಂಬಿತು. ಎರಡನೆಯದೂ ತುಂಬಿತು. ಹೂ ಖಾಲಿಯಾದ ಮೇಲೆ ಕುಪ್ಪಸದ ತೋಳು ಮಡಚಿ ಕೈ ತೋರಿಸಿದಳು.

ಆಮೇಲೆ ಹೇಳಿದಳು. ಎಲ್ಲ. ನನಗೆ ಗೊತ್ತಿಲ್ಲದ್ದೂ ಇತ್ತು. ಇಲ್ಲಿ ಬರೆಯುವುದಿಲ್ಲ.

ಬಾಗಿಲ ಹೊರಗೆ ಪಾಸ್ಟರ್ ನಿಂತಿದ್ದರು. ಬರಬಹುದಾ ಎಂದು ಕೇಳಿ, ಅಕ್ಕ ಹೂಂ ಅಂದ ಮೇಲೆಯೇ ಒಳಗೆ ಬಂದರು. ಕೂರಲಿಲ್ಲ.

“ನಾನು ಅವತ್ತು ಬಂದು ಹೋದ ಮೇಲೆ ಏನಾಯ್ತು ತಂಗಿ?”

“ನೀವು ಅವರ ತಲೆ ಮೇಲೆ ಕೈಯಿಟ್ರಿ ಪಾಸ್ಟರ್. ಅದನ್ನೇ ಹೇಳ್ತಾ ಹೊಡೆದ್ರು. ದೇವರೇ ನನ್ನ ಕಡೆ ಇದ್ದಾನೆ, ನೋಡ್ಕೋ ಅಂತ.”

ಪಾಸ್ಟರ್ ಗೋಡೆಗೆ ಕೈ ಕೊಟ್ಟು ನಿಂತರು. ಮುಖ ಹೂವಿಗಿಂತ ಬಿಳುಪು. ಅಕ್ಕನೇ ಕೇಳಿದಳು. “ನಾನು ಹೊರಟುಹೋದ್ರೆ ಕೊಟ್ಟ ಮಾತು ಮುರಿದ ಹಾಗಾ?”

“ಮುರಿದಿದ್ದು ನೀನಲ್ಲಮ್ಮ. ಅದು ಮುರಿದು ಬಹಳ ಕಾಲ ಆಗಿದೆ. ನಾವು ಚೂರುಗಳನ್ನ ನಿನ್ನ ಕೈಯಲ್ಲೇ ಹಿಡಿಸಿ ನಿಲ್ಲಿಸಿದ್ವಿ.”

ಅಕ್ಕ ಮೂಗು ಒರೆಸಿಕೊಂಡಳು. “ಹಾಗಿದ್ರೆ ಹೋಗ್ತೀನಿ” ಎಂದಳು. ಬರೀ ಅಷ್ಟೇ.

ಅಕ್ಟೋಬರ್ 15, ಬುಧವಾರ

ಪ್ಲಾನ್ ಆಗಿದೆ. ಶನಿವಾರ, ಪ್ರಾಕ್ಟೀಸ್ ಹೊತ್ತಿನಲ್ಲಿ. ಅದೊಂದೇ ಹೊತ್ತು ಭಾವ ಮನೆಯಲ್ಲಿರುವುದಿಲ್ಲ ಎಂಬುದು ಖಾತ್ರಿ. ಆದರೆ ಇಂಟರ್ವಲ್‌ನಲ್ಲಿ ಮನೆಯ ಫೋನಿಗೆ ಕರೆ ಮಾಡುತ್ತಾರೆ, ಅಕ್ಕ ಎತ್ತಲೇಬೇಕು. ಅಂದರೆ ಕರೆ ಮುಗಿದ ಮೇಲೆ ಹೊರಡಬೇಕು. ಉಳಿಯುವುದು ಒಂದೆರಡು ಹಾಡಿನ ಸಮಯ. ಬಟ್ಟೆ, ಸರ್ಟಿಫಿಕೇಟು, ನನ್ನ ಪುಸ್ತಕ, ಓದಿಗೆ ತಂದ ಮೂಳೆ ಪೆಟ್ಟಿಗೆ. ಡ್ರೈವಿಂಗ್ ಆಂಟಿ ಕಾರಿನೊಂದಿಗೆ ಹಿಂದಿನ ಬೀದಿಯಲ್ಲಿ. ಪಾಸ್ಟರಮ್ಮ ಜೊತೆಯಲ್ಲಿ. ಮೊದಲು ಡಾಕ್ಟರ್, ಆಮೇಲೆ ಪೊಲೀಸ್, ಆಮೇಲೆ ಮನೆ. ಯಾವ ಮನೆ ಎಂದು ನನಗೂ ಹೇಳಿಲ್ಲ. ಒಳ್ಳೆಯದೇ, ಕೇಳಿದರೆ ನಾನು ಹೇಳಿಬಿಡುತ್ತೇನೆ.

ಸಾಮಾನು ಹಾಕುವುದು ಮುಗಿಯುವ ಮೊದಲೇ ಪ್ರಾಕ್ಟೀಸ್ ಮುಗಿದರೆ?

“ಅವನನ್ನ ಹಿಡಿದಿಡೋದು ನಂಗೆ ಬಿಡಿ” ಎಂದರಂತೆ ಪಾಸ್ಟರ್. “ಸುಳ್ಳು ಹೇಳ್ತೀರಾ ನೀವು?” ಎಂದು ಆಂಟಿ ಕೇಳಿದ್ದಕ್ಕೆ, “ಇಲ್ಲ. ಹಾಡ್ತೀನಿ” ಎಂದರಂತೆ.

ಇವತ್ತು ಅಕ್ಕ ಭಾವನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿಟ್ಟಳು. ಯಾಕೆ ಎಂದರೆ ಗೊತ್ತಿಲ್ಲ ಎಂದಳು. ಹೋಗುವುದಿಲ್ಲವೇನೋ. ಮನಸ್ಸು ಬದಲಾಯಿಸಿಬಿಟ್ಟಳೇನೋ.

ಅಕ್ಟೋಬರ್ 19, ಭಾನುವಾರ

ಅಕ್ಷರ ಹೇಗಿದೆಯೋ ಹಾಗೇ ಇರಲಿ.

ನಿನ್ನೆ ಪ್ರಾಕ್ಟೀಸ್ ಶುರುವಾಗುವ ಹೊತ್ತಿಗೆ ಪಾಸ್ಟರ್ ಬಂದು ಗಂಡಸರ ಸಾಲಿನಲ್ಲಿ ನಿಂತರು. “ಮಾಸ್ಟ್ರೇ, ಇಷ್ಟು ವರ್ಷ ನಿಮ್ಮ ಹಾಡು ಕೇಳಿದ್ದಾಯ್ತು, ನಾನೂ ಕಲೀಬೇಕು.” ಎಲ್ಲರೂ ನಕ್ಕರು. ಪಾಸ್ಟರಿಗೆ ಸ್ವರಜ್ಞಾನ ಸೊನ್ನೆ ಎಂಬುದು ಸಭೆಗೆಲ್ಲ ಗೊತ್ತು. ಹಾಡುವಾಗ ಮೈಕ್ ಆಫ್ ಮಾಡಿಕೊಳ್ಳುತ್ತಾರೆ. ಭಾವ ನಗುತ್ತಲೇ ಬನ್ನಿ ಬನ್ನಿ ಅಂದರು. ಪಾಸ್ಟರನ್ನು ಹೊರಗೆ ಕಳಿಸುವವರು ಯಾರು?

“ಡ್ರೈವಿಂಗ್ ಅಮ್ಮ ಎಲ್ಲಿ?”

“ಗಂಟಲು” ಎಂದೆ. ಸುಳ್ಳು ಹೇಳಿದವಳು ನಾನು.

ಇಂಟರ್ವಲ್‌ನಲ್ಲಿ ಭಾವ ಹೊರಗೆ ಹೋಗಿ ಫೋನ್ ಮಾಡಿದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಮಾತಾಡಿದರು, ಒಳಗೆ ಬಂದರು. ಅಕ್ಕ ಎತ್ತಿದ್ದಾಳೆ. ಅಂದರೆ ಇನ್ನೂ ಮನೆಯಲ್ಲೇ ಇದ್ದಾಳೆ. ಈಗ ಹೊರಡಬೇಕು. ಈಗ.

ಹಾಡು ಮುಗಿಯಿತು. ಆಮೆನ್ ಬಂತು. ಪಾಸ್ಟರ್ ಆಮೆನ್ ಅಂದರು. ದನಿಗಳು ನಾಲ್ಕು ಕಡೆಯಿಂದ ಬಾಗಿಲಿಗೆ ಬಂದವು, ಪಾಸ್ಟರದು ಗೋಡೆಗೆ ಹೋಗಿ ಡಿಕ್ಕಿ ಹೊಡೆಯಿತು.

“ಇನ್ನೊಂದ್ಸಲ” ಎಂದರು ಭಾವ.

ಇನ್ನೊಂದು ಸಲ ಇನ್ನೊಂದು ಗೋಡೆಗೆ.

ಭಾವ ಸ್ವರ ಹೇಳಿಕೊಟ್ಟರು. ಪಾಸ್ಟರ್ ನಿಷ್ಠೆಯಿಂದ ಕೇಳಿದರು, ನಿಷ್ಠೆಯಿಂದ ತಪ್ಪಿದರು. ಅವರು ಬೇಕೆಂದು ತಪ್ಪುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಬರುವುದೇ ಇಲ್ಲ. ಹಣೆಯಿಂದ ಬೆವರು ಸುರಿಯುತ್ತಿತ್ತು. ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಭಾವ ಮನೆಯಿಂದ ತಂದು ಮೇಜಿನ ಮೇಲಿಟ್ಟಿದ್ದ ಟಿಕ್‌ಟಿಕ್ ಪೆಟ್ಟಿಗೆಗೆ ಕೀ ಕೊಟ್ಟರು.

ಆ ಸದ್ದಿಗೆ ನಾನು ತಿರುಗಿ ಬಾಗಿಲ ಕಡೆ ನೋಡಿದೆ.

ಆಮೇಲೆ ಭಾವ ಕಾನೂನು ಮುರಿದರು. ಗಡಿಯಾರ ನೋಡಿ, “ಸರಿ, ಪಾಸ್ಟರ್ ಸುಮ್ನಿರಲಿ, ಉಳಿದೋರು ಹೇಳಿ, ಮುಗಿಸೋಣ” ಎಂದರು. ರಸ್ತೆಯಿಂದ ಹಾರ್ನ್ ಇನ್ನೂ ಕೇಳಿರಲಿಲ್ಲ. ಕಾರು ಹೊರಟು ಚರ್ಚಿನ ಹತ್ತಿರ ಬಂದರೆ ಎರಡು ಸಲ ಹಾರ್ನ್ ಎಂದು ಮಾತಾಗಿತ್ತು. ಪಾಸ್ಟರ್ ನನ್ನ ಕಡೆ ನೋಡಿದರು.

ನಾನು ತಪ್ಪಾಗಿ ಹಾಡಿದೆ. ಬೇಕೆಂದೇ. ಜೋರಾಗಿ.

ಭಾವ ನಿಧಾನವಾಗಿ ನನ್ನ ಕಡೆ ತಿರುಗಿದರು. “ನಿನಗೇನಾಯ್ತಮ್ಮ?” ಅದೇ ಮೆತ್ತನೆಯ ದನಿ, ತಟ್ಟೆ ಒಡೆದ ದಿನದ್ದು.

“ಸಾರಿ ಭಾವ. ಇನ್ನೊಂದ್ಸಲ.”

ಮತ್ತೆ ತಪ್ಪಿದೆ. ಟಿಕ್ ಟಿಕ್ ಟಿಕ್. ಅವರು ನನ್ನ ಮುಂದೆಯೇ ಬಂದು ನಿಂತರು. ಮತ್ತೆ ತಪ್ಪಿದೆ. ಆಗ ನನ್ನ ಹಿಂದಿನಿಂದ ಒಂದು ದನಿ ತಪ್ಪಿತು. ಮೇಲುದನಿಯ ಸಾಲಿನ ಬ್ಯೂಟಿಪಾರ್ಲರ್ ಅಕ್ಕ; ಅವಳಿಗೆ ನಾವು ಏನೂ ಹೇಳಿರಲಿಲ್ಲ! ಅವಳು ನನ್ನನ್ನೂ ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ, ಆ ಪೆಟ್ಟಿಗೆಯನ್ನು ನೋಡುತ್ತಾ ತಪ್ಪಾಗಿ ಹಾಡುತ್ತಿದ್ದಳು.

ಹಾರ್ನ್. ಎರಡು ಸಲ.

ಪಾಸ್ಟರ್ ಮುಂದೆ ಬಂದು ಪೆಟ್ಟಿಗೆಯ ಕಡ್ಡಿಯನ್ನು ಬೆರಳಿನಿಂದ ನಿಲ್ಲಿಸಿದರು. “ಎಲ್ಲರೂ ಮನೆಗೆ ಹೋಗಿ. ಮಾಸ್ಟ್ರೇ, ನೀವು ಕೂತ್ಕೊಳ್ಳಿ. ನಿಮ್ಮ ಹತ್ರ ಮಾತಾಡೋದಿದೆ.”

ನಾನು ಪಕ್ಕದ ಕೋಣೆಯ ಬಾಗಿಲಿನಿಂದ ಓಡಿ, ಅಕ್ಕ ಕೂತಿದ್ದ ಕಾರು ಹತ್ತಿದೆ.

ಅಕ್ಟೋಬರ್ 26, ಭಾನುವಾರ

ಚರ್ಚಿಗೆ ಹೋದೆ, ಆಂಟಿಯ ಪಕ್ಕ ಕೂತೆ. ಕ್ವಾಯರ್ ಇರಲಿಲ್ಲ, ಪಿಯಾನೋ ಮುಚ್ಚಿತ್ತು. ಪೊಲೀಸರಿಗೆ ದೂರು ಕೊಟ್ಟಾಗಿದೆ, ಭಾವನನ್ನು ಚರ್ಚಿನ ಎಲ್ಲ ಕೆಲಸದಿಂದ ತೆಗೆದಿದ್ದಾರೆ. ಅದಕ್ಕೆ ಕಮಿಟಿಯಲ್ಲಿ ಜಗಳವಾಯಿತಂತೆ. “ಮನೆ ಜಗಳಕ್ಕೆ ಕ್ವಾಯರ್ ಹಾಳು ಮಾಡಿದ್ರಿ” ಎಂದು ಒಬ್ಬ ಹಿರಿಯರು ಎದ್ದೇ ಹೋದರಂತೆ.

ಪಾಸ್ಟರ್ ಯಾರ ಹೆಸರನ್ನೂ ಹೇಳಲಿಲ್ಲ. “ನೋವು ಹೇಳ್ಕೊಳ್ಳೋಕೆ ಬಂದವರನ್ನ, ನೋವು ಕೊಟ್ಟವರ ಪಕ್ಕ ಕೂರಿಸಿ ಮಾತಾಡು ಅಂದೆ ನಾನು. ಇನ್ನು ಹಂಗೆ ಮಾಡಲ್ಲ. ಯಾರಾದ್ರೂ ಬಂದ್ರೆ ಒಂಟಿಯಾಗೇ ಕೇಳ್ತೀವಿ, ನಂಬ್ತೀವಿ, ಯಾರಿಗೂ ಹೇಳಲ್ಲ. ಇರೋಕೆ ಒಂದು ಮನೆ ಇದೆ” ಎಂದರು. ಕೆಲವರು ನೆಲ ನೋಡಿದರು.

ಆಮೇಲೆ ಪಾಸ್ಟರಮ್ಮ ಹೂದಾನಿ ಒರೆಸುತ್ತಿದ್ದಾಗ ಬ್ಯೂಟಿಪಾರ್ಲರ್ ಅಕ್ಕ ಅಲ್ಲಿಗೆ ಹೋಗಿ ನಿಂತಳು. “ಮುಂದಿನ ಶುಕ್ರವಾರ ಯಾರ ಸರದಿ?” ಎಂದು ಕೇಳಿದಳು.

ಅಕ್ಟೋಬರ್ 30, ಗುರುವಾರ

ಭಾವ ಕಾಲೇಜು ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಹೂ. “ಅವಳಿಲ್ದೆ ಸತ್ತು ಹೋಗ್ತೀನಿ ಕಣಮ್ಮ. ಎಲ್ಲಿದ್ದಾಳೆ ಅಷ್ಟು ಹೇಳು.” ಅತ್ತರು. ನನಗೂ ಅಳು ಬಂತು. ಅದೇ ನನಗೆ ಭಯ. ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ದೇವರೇ ಬಲ್ಲ. ಆಮೇಲೆ ಅವರ ಹೆಬ್ಬೆರಳು ಕಾಣಿಸಿತು, ಹೂವಿನ ಕಾಂಡವನ್ನು ಒತ್ತುತ್ತಿತ್ತು.

“ಇಲ್ಲ” ಎಂದೆ. ವಾಚ್‌ಮನ್ ತಿರುಗಿ ನೋಡಿದ, ಅಷ್ಟು ಜೋರಾಗಿ ಅಂದೆನಂತೆ. ಲೇಡೀಸ್ ರೂಮಿಗೆ ಹೋಗಿ ಆಂಟಿಗೆ ಫೋನ್ ಮಾಡಿದೆ. ದೂರಿಗೆ ಇದನ್ನೂ ಸೇರಿಸುತ್ತಾರಂತೆ.

ಅಮ್ಮ ಬರುತ್ತಾಳಂತೆ. ಅಕ್ಕನಿಗೆ ಫೋನ್ ಕೊಡು ಎಂದಳು. ಇಬ್ಬರೂ ಮಾತಾಡದೆ ಹಾಗೇ ಹಿಡಿದುಕೊಂಡಿದ್ದರು.

ನವೆಂಬರ್ 9, ಭಾನುವಾರ

ನಾಳೆ ವೈವಾ. ಮುಂಗೈ, ಮಣಿಕಟ್ಟು, ಎಲ್ಲ ಮೂಳೆ ಬಾಯಲ್ಲೇ ಹೇಳಬೇಕು, ಅದೂ ಇಂಗ್ಲಿಷಿನಲ್ಲಿ. ಒಂದಕ್ಷರ ತಲೆಗೆ ಹೋಗುತ್ತಿಲ್ಲ.

ಈ ಮನೆಯಲ್ಲಿ ಎರಡೇ ಕೋಣೆ, ಗೋಡೆ ತೆಳು. ಅಕ್ಕ ಒಳಗೆ ಬಟ್ಟೆ ಒಗೆಯುತ್ತಿದ್ದಾಳೆ. ಬೆಳಗಿನಿಂದ ಸುಮ್ಮನಿದ್ದವಳು ಈಗ ಕೀರ್ತನೆ ಶುರು ಮಾಡಿದ್ದಾಳೆ. ಅಯ್ಯೋ, ಶ್ರುತಿಗೂ ಇವಳಿಗೂ ಹಳೆಯ ವೈರ. ಹೊರಗೆ ಯಾವುದೋ ಸ್ಕೂಟರ್ ನಿಂತ ಸದ್ದಾಯಿತು, ಹಾಡು ಥಟ್ಟನೆ ನಿಂತಿತು. ನಾನೂ ಪೆನ್ನು ಹಿಡಿದು ಕೂತೆ. ಸ್ಕೂಟರ್ ಮುಂದೆ ಹೋಯಿತು. ಅಕ್ಕ ನಿಂತ ಸಾಲಿನಿಂದಲೇ ಮತ್ತೆ ಎತ್ತಿಕೊಂಡಳು, ಇನ್ನೂ ತಪ್ಪಾಗಿ. ಕೊನೆಯ ಆಮೆನ್ ಅಂತೂ ಕೇಳಲಾಗದು.

ಹೀಗಾದರೆ ಓದುವುದು ಹೇಗೆ? ಎದ್ದು ಹೋಗಿ ರೂಮಿನ ಬಾಗಿಲನ್ನು ದಢಾರನೆ ಹಾಕಿಕೊಂಡೆ.

“ಏ ಕೋಣ, ಬಾಗಿಲು ಮುರೀತೀಯಾ?” ಎಂದು ಒಳಗಿನಿಂದ ಕೂಗಿದಳು.